ಟರ್ಬೊ ಎಂಜಿನ್ ಮರುಜೋಡಣೆ: ಮಲೆನಾಡಿನ ಹವ್ಯಾಸಿಗಳಿಗೊಂದು ಸಲಹೆ

ಬೇರಿಂಗ್ ಸವೆದು ಕೆಟ್ಟ ಸ್ಪೋರ್ಟ್ಸ್ ಕಾರಿನ ಟರ್ಬೊ (ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಎಂಜಿನ್ನನ್ನು ಹವ್ಯಾಸಕ್ಕಾಗಿ ಬಿಚ್ಚಿ ಕಟ್ಟಲು ಹೊರಟಿರುವವರು, ಹೊಸ ಪಿಸ್ಟನ್‌ಗಳಿಗೆ ಹಣ ಸುರಿಯುವ ಮೊದಲು, ಅದು ಕೆಟ್ಟದ್ದು ಏಕೆಂಬುದನ್ನು ಪತ್ತೆ ಮಾಡಿಕೊಳ್ಳಬೇಕು. ಸವೆದ ಬೇರಿಂಗಿನ ಲೋಹದ ಪುಡಿ ಆಯಿಲ್ ಜೊತೆ ಸೇರಿ ಟರ್ಬೊ ಮತ್ತು ಆಯಿಲ್ ತಂಪು ಮಾಡುವ ಆಯಿಲ್ ಕೂಲರಿನವರೆಗೂ ಹೋಗಿರುತ್ತದೆ. ಕೂಲರಿನ ಒಳಸಂದುಗಳನ್ನು ಪೂರ್ತಿ ತೊಳೆಯುವುದು ಕಷ್ಟವಾದ್ದರಿಂದ ಅದನ್ನು ಬದಲಿಸುವುದೇ ಲೇಸು. ಇಲ್ಲಿ ಜಿಪುಣತನ ಮಾಡಿದರೆ ಹೊಸ ಬೇರಿಂಗಿಗೂ ಅದೇ ಗತಿ. ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲ ಟರ್ಬೊ ಶಾಫ್ಟಿಗೆ ಆಯಿಲ್ ಒಯ್ಯುವ ಸಪೂರ ಪೈಪಿನಲ್ಲಿ ಕರಿ ಕಟ್ಟಿರುವ ಸಾಧ್ಯತೆ ಹೆಚ್ಚಿರುವುದರಿಂದ, ಅದನ್ನೂ ಹೊಸದಾಗಿಯೇ ಹಾಕಿ.

ಶಿವಮೊಗ್ಗದಲ್ಲಿ ಬೋರಿಂಗ್, ಹೋನಿಂಗ್ (ಸಿಲಿಂಡರನ್ನು ಕೊರೆದು ಅಗಲಿಸಿ, ಉಜ್ಜಿ ಹದಗೊಳಿಸುವ ಕೆಲಸ) ಮಾಡಿಸಿ ತಂದ ಬ್ಲಾಕನ್ನು, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಭಾಗವನ್ನು, ಪೆಟ್ರೋಲಿನಿಂದ ಒರೆಸಿ ಸುಮ್ಮನಾಗಬಾರದು. ಬಿಸಿ ಸೋಪಿನ ನೀರು ಹಾಕಿ ಬ್ರಷ್‌ನಿಂದ ಉಜ್ಜಿ, ಆಯಿಲ್ ಹಚ್ಚಿದ ಬಿಳಿ ಬಟ್ಟೆಗೆ ಬೂದು ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯ ಮಳೆಗಾಲದ ತೇವಕ್ಕೆ ಎರಕದ ಕಬ್ಬಿಣದ ಸಿಲಿಂಡರ್ ಗೋಡೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯಬಹುದು. ಆದ್ದರಿಂದ ತೊಳೆದ ಕೂಡಲೇ ಒಣಗಿಸಿ, ಧಾರಾಳವಾಗಿ ಆಯಿಲ್ ಸವರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ. (ಅಡಿಕೆ ಸುಲಿಯುವ ಜಗುಲಿಯ ಧೂಳಿನಲ್ಲಿ ಎಂಜಿನ್ ಜೋಡಿಸುವ ಸಾಹಸ ಖಂಡಿತ ಬೇಡ.)

ಪಿಸ್ಟನ್ ರಿಂಗಿನ ಸಂದು, ಬೇರಿಂಗ್ ಅಂತರ, ಬೋಲ್ಟುಗಳ ಟಾರ್ಕ್ (ಬಿಗಿಯುವಾಗ ತಿರುಗಿಸುವ ಬಲ) ಇವುಗಳಿಗೆಲ್ಲ ಆಯಾ ಎಂಜಿನ್ನಿನ ಸರ್ವೀಸ್ ಮ್ಯಾನ್ಯುಯಲ್ಲೇ ಪ್ರಮಾಣ. ಮೊದಲ ಬಾರಿ ಚಾಲೂ ಮಾಡುವಾಗ ಇಂಧನ ಮತ್ತು ಇಗ್ನಿಷನ್ ಸಂಪರ್ಕ ತಪ್ಪಿಸಿ, ಆಯಿಲ್ ಒತ್ತಡ ಬರುವವರೆಗೆ ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಿ, ಆಮೇಲಷ್ಟೇ ಸಂಪರ್ಕ ಕೊಡಿ.