ಮನೆ ಕಟ್ಟುವ ಕರಾರಿನಲ್ಲಿ ‘ಸಹಕಾರ’ ಬರೆಯುವುದು ಹೇಗೆ?

ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ) ಮಟ್ಟಕ್ಕೆ ಬಂದು ನಿಂತುಹೋದ ಮನೆಗಳು ಮೈಸೂರಿನ ಹೊಸ ಬಡಾವಣೆಗಳಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಗುತ್ತಿಗೆದಾರ ಕೈಕೊಟ್ಟ ಎನ್ನುತ್ತಾರೆ ಮಾಲೀಕರು. ನೀರು, ಕರೆಂಟು ಕೊಡದೆ ಕೆಲಸ ಹೇಗೆ ಸಾಗುತ್ತದೆ ಎನ್ನುತ್ತಾರೆ ಗುತ್ತಿಗೆದಾರರು. ಕರಾರು ಪತ್ರ ತೆಗೆದರೆ ‘ಉಭಯ ಪಕ್ಷದವರೂ ಪರಸ್ಪರ ಸಹಕರಿಸತಕ್ಕದ್ದು’ ಎಂಬ ಒಂದೇ ಸಾಲು. ಜೆರಾಕ್ಸ್ ಅಂಗಡಿಯ ಸಿದ್ಧ ನಮೂನೆಗಳಲ್ಲಿ ಇರುವುದು ಇದೇ. ಅಂಥ ನಮೂನೆ ಕೊಳ್ಳಲೇಬೇಡಿ.

ಸಹಕಾರವೆಂದರೆ ಸೌಜನ್ಯವಲ್ಲ. ಎದುರಿನವರು ತಮ್ಮ ಪಾಲಿನ ಕೆಲಸ ಮಾಡಲು ನಮ್ಮಿಂದ ಆಗಬೇಕಾದದ್ದನ್ನು ಮಾಡಿಕೊಡುವುದು. 1872ರ ಭಾರತೀಯ ಕರಾರು ಕಾಯ್ದೆಯ 67ನೇ ಸೆಕ್ಷನ್ ಮನೆ ರಿಪೇರಿಯ ಉದಾಹರಣೆಯನ್ನೇ ಕೊಡುತ್ತದೆ: ಎಲ್ಲೆಲ್ಲಿ ರಿಪೇರಿ ಬೇಕೆಂದು ಮಾಲೀಕ ತೋರಿಸದಿದ್ದರೆ, ಆ ಕಾರಣಕ್ಕೆ ನಿಂತ ಕೆಲಸಕ್ಕೆ ಗುತ್ತಿಗೆದಾರ ಹೊಣೆಯಲ್ಲ. ಆ ಕಾರಣಕ್ಕೆ ನಿಂತದ್ದಕ್ಕೆ ಮಾತ್ರ ಎಂಬುದನ್ನು ಮರೆಯಬಾರದು. ಕೆಲಸ ಮಾಡಲು ಬಿಡದೆ ತಡೆದರೆ 53ನೇ ಸೆಕ್ಷನ್ ಪ್ರಕಾರ ತಡೆಗೊಳಗಾದವರು ಕರಾರು ರದ್ದುಪಡಿಸಿ ಪರಿಹಾರ ಕೇಳಬಹುದು. ಆದರೆ ಒಪ್ಪದ ಹೆಚ್ಚುವರಿ ರೇಟು ಕೊಡುವುದು, ಕೈಸಾಲ ಕೊಡುವುದು ಸಹಕಾರದ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಪಟ್ಟಿ ಮಾಡಿ. ಮಂಜೂರಾದ ನಕ್ಷೆ, ಚೆಸ್ಕಾಂನ ತಾತ್ಕಾಲಿಕ ವಿದ್ಯುತ್ ಸಂಪರ್ಕ, ನೀರು, ಸಾಮಾನು ಇಳಿಸಲು ಜಾಗ, ಟೈಲ್ಸ್ ಆಯ್ಕೆ: ಒಂದೊಂದರ ಎದುರಿಗೂ ಕೊಡುವವರ ಹೆಸರು, ಕೊನೆಯ ದಿನ ಬರೆಯಿರಿ.

ನಂತರ ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆಯಿರಿ. ಮೊದಲು ಮಾಡಬೇಕಾದವರು ಮಾಡದೆ, ಎದುರಿನವರು ಮಾಡಲಿಲ್ಲವೆಂದು ದೂರುವಂತಿಲ್ಲ (54ನೇ ಸೆಕ್ಷನ್). ಮಂಡ್ಯ ಕಡೆ ಆಲೆಮನೆಗೆ ಕಬ್ಬು ಒಪ್ಪಿಕೊಂಡವರಿಗೂ ಇದೇ ಮಾತು: ಕಡಿಯುವ ಆಳು ಯಾರದು, ಗಾಡಿ ಯಾರದು ಎಂಬುದು ಮೊದಲೇ ಕಾಗದದಲ್ಲಿರಲಿ.

ಇ-ಸ್ಟಾಂಪ್ ಕಾಗದ, ಪ್ರತಿ ಪುಟಕ್ಕೂ ಸಹಿ, ಇಬ್ಬರು ಸಾಕ್ಷಿಗಳು, ಇಬ್ಬರಿಗೂ ಒಂದೊಂದು ಪ್ರತಿ. ಇಷ್ಟಾದರೆ ಬರವಣಿಗೆ ಮುಗಿಯಿತು.

ಜನ ಎಡವುವುದು ಇದರಾಚೆ, ಸಹಕಾರ ಸಿಗದೇ ಹೋದಾಗ. ಫೋನಿನಲ್ಲಿ ಕೂಗಾಡಿ ಕೆಲಸದವರನ್ನು ಕಳಿಸಿಬಿಡುತ್ತಾರೆ. ಆಮೇಲೆ ಕೆಲಸ ಬಿಟ್ಟವರು ಯಾರೆಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಅದರ ಬದಲು ನೋಟಿಸ್ ಕೊಡಿ. ಅದರಲ್ಲಿ ಐದು ಅಂಶ ಇರಲೇಬೇಕು: ಏನು ಬೇಕು, ಅದಿಲ್ಲದೆ ಯಾವ ಕೆಲಸ ನಿಂತಿದೆ, ಎಂದಿನೊಳಗೆ ಬೇಕು, ತಡವಾದರೆ ಬೀಳುವ ಖರ್ಚು, ನಾವು ಸಿದ್ಧರಿದ್ದೇವೆ ಎಂಬ ಮಾತು. ಗುತ್ತಿಗೆದಾರ ಮಾಲೀಕರಿಗೆ ಬರೆಯುವುದಾದರೆ ಹೀಗೆ (ಮೋಲ್ಡ್ ಎಂದರೆ ತಾರಸಿಯ ಕಾಂಕ್ರೀಟ್, ಸೆಂಟ್ರಿಂಗ್ ಎಂದರೆ ಅದಕ್ಕೆ ಕೊಡುವ ತಾತ್ಕಾಲಿಕ ಆಸರೆ):

‘ಮೋಲ್ಡ್ ಹಾಕಲು ಸೆಂಟ್ರಿಂಗ್, ಕಂಬಿ ಕೆಲಸ ಮಾರ್ಚ್ 10ಕ್ಕೆ ಮುಗಿದಿದೆ. ಫ್ಯಾನ್, ಲೈಟ್ ಪಾಯಿಂಟುಗಳನ್ನು ತಾವು ಇನ್ನೂ ತೋರಿಸಿಲ್ಲ. ಪೈಪ್ ಕೂರಿಸದೆ ಕಾಂಕ್ರೀಟ್ ಹಾಕಲಾಗದು. 17ರೊಳಗೆ ತೋರಿಸಿಕೊಡಿ. ತಡವಾದಷ್ಟು ದಿನದ ಸೆಂಟ್ರಿಂಗ್ ಬಾಡಿಗೆಯನ್ನು ತಾವೇ ಭರಿಸಬೇಕಾಗುತ್ತದೆ. ನಾವು ಕೆಲಸಕ್ಕೆ ಸಿದ್ಧರಿದ್ದೇವೆ.’

‘ನೀವು ಸರಿಯಾಗಿ ಸಹಕರಿಸುತ್ತಿಲ್ಲ’ ಎಂದಷ್ಟೇ ಬರೆದ ನೋಟಿಸ್ ಯಾವ ಪ್ರಯೋಜನಕ್ಕೂ ಬಾರದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ದಾಖಲೆ ಜೋಪಾನ ಮಾಡಿ. ವಾಟ್ಸ್ಆ್ಯಪ್‌ನಲ್ಲೂ ಕಳಿಸಬಹುದು, ಆದರೆ ಬರೀ ಸ್ಕ್ರೀನ್‌ಶಾಟ್ ನಂಬಬೇಡಿ. ಅದನ್ನು ಕೋರ್ಟಿನಲ್ಲಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು.

ನೋಟಿಸ್ ಕೊಟ್ಟೆವೆಂದು ಕೈಕಟ್ಟಿ ಕೂರಬಾರದು. ನಷ್ಟ ತಗ್ಗಿಸಲು ಏನು ಮಾಡಿದಿರಿ ಎಂಬುದನ್ನು ಕರಾರು ಕಾಯ್ದೆಯ 73ನೇ ಸೆಕ್ಷನ್ ಪರಿಗಣಿಸುತ್ತದೆ. ಪಾಯಿಂಟ್ ತೋರಿಸುವವರೆಗೆ ಕೆಳಗಿನ ಗೋಡೆಗಳ ಕೆಲಸವನ್ನಾದರೂ ಮುಂದುವರಿಸಿ.

ಮಾಲೀಕರಿಗೂ ಒಂದು ಎಚ್ಚರಿಕೆ. ಗಡುವು ಮುಖ್ಯವೆಂದು ಒಪ್ಪಿದ ಕರಾರಿನಲ್ಲಿ ತಡವಾದ ಕೆಲಸವನ್ನು ಸುಮ್ಮನೆ ಒಪ್ಪಿಕೊಂಡರೆ, ಆ ತಡಕ್ಕೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಒಪ್ಪಿಕೊಳ್ಳುವಾಗಲೇ ‘ಪರಿಹಾರದ ಹಕ್ಕು ಕಾಯ್ದಿರಿಸಿದ್ದೇವೆ’ ಎಂದು ಬರೆದುಕೊಡಿ (55ನೇ ಸೆಕ್ಷನ್). ಎದುರಿನವರು ರಾಜಿಗೆ ಬಗ್ಗದಿದ್ದರೆ, ಕರಾರು ಮುರಿದ ದಿನದಿಂದ ಸಾಮಾನ್ಯವಾಗಿ 3 ವರ್ಷದೊಳಗೆ ಪರಿಹಾರದ ದಾವೆ ಹೂಡಬೇಕು. ವಕೀಲರ ಬಳಿ ಹೋಗುವಾಗ ಪಟ್ಟಿ, ನೋಟಿಸ್, ರಸೀದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ.