ಬೆಂಕಿಗೆ ಸಿಕ್ಕ ಆರ್‌ಎಕ್ಸ್ 100: ಏನು ಉಳಿಸಿಕೊಳ್ಳಬೇಕು, ಏನು ಗುಜರಿಗೆ ಹಾಕಬೇಕು

ಸುಟ್ಟ ಬೈಕು ಬಂದರೆ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಮಸಿ. ಮಸಿ ನೋಡಿ ಏನೂ ಗೊತ್ತಾಗುವುದಿಲ್ಲ, ಒರೆಸಿದರೆ ಹೋಗುತ್ತದೆ. ಏನೇನು ಕರಗಿದೆ, ಏನೇನು ಕರಗದೆ ಉಳಿದಿದೆ, ಕಬ್ಬಿಣ ಯಾವ ಬಣ್ಣಕ್ಕೆ ತಿರುಗಿದೆ ಅಂತ ನೋಡಿ. ಯಾವ ಜಾಗಕ್ಕೆ ಎಷ್ಟು ಕಾವು ತಗುಲಿದೆ ಅನ್ನುವುದು ಅಲ್ಲೇ ಇರುತ್ತದೆ.

ನಾನು ತಿಪಟೂರಿನಲ್ಲಿ ಮೆಕ್ಯಾನಿಕ್. ಜಾಸ್ತಿ ಕೆಲಸ ಯಮಹಾ ಆರ್‌ಎಕ್ಸ್ 100 ಗಾಡಿಗಳದ್ದೇ. 1985ರಲ್ಲಿ ಬಂದು 1996ಕ್ಕೆ ತಯಾರಿಕೆ ನಿಂತ ಗಾಡಿ ಅದು. ಅದರ ಒರಿಜಿನಲ್ ಸಾಮಾನು ಸಿಗುವುದು ಕಷ್ಟ, ಸಿಕ್ಕರೆ ರೇಟು ಜಾಸ್ತಿ. ಅದಕ್ಕೇ ಸುಟ್ಟ ಗಾಡಿಯನ್ನೂ ಕೂತು ಬಿಚ್ಚುವುದು ನನಗೆ ಗಿಟ್ಟುತ್ತದೆ. ಅಂಗಡಿಯಲ್ಲಿ ಎಲ್ಲಾ ಸಿಗುವ ಈಗಿನ ಗಾಡಿಯಾದರೆ ಇಷ್ಟು ಒದ್ದಾಡಬೇಡಿ.

ಸದ್ಯಕ್ಕೆ ನನ್ನ ಶೆಡ್ಡಿನಲ್ಲಿ ಬಿಚ್ಚಿ ಹರಡಿರುವುದು ಒಂದು ಕೊಬ್ಬರಿ ಶೆಡ್ಡಿನಲ್ಲಿ ಸುಟ್ಟ ಗಾಡಿ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಅಂತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟಿರುತ್ತಾರೆ. ಕೆಳಗೆ ಮಟ್ಟೆ, ಕರಟ, ಅದರ ಪಕ್ಕದಲ್ಲೇ ಗಾಡಿ. ಮಟ್ಟೆ ರಾಶಿಗೆ ಬೆಂಕಿ ಬಿದ್ದರೆ ಬೇಗ ಆರುವುದಿಲ್ಲ, ಒಳಗೊಳಗೇ ಕೆಂಡವಾಗಿ ಉರಿಯುತ್ತಿರುತ್ತದೆ. ಈ ಗಾಡಿಯ ಎಡಗಡೆ ರಾಶಿಗೆ ತಾಗಿಕೊಂಡಿತ್ತು. ಬಲಗಡೆ ಕ್ಲಚ್ ಕವರಿನ ಬಣ್ಣ ಕೂಡ ಅರ್ಧ ಹಾಗೇ ಇದೆ. ಒಂದೇ ಗಾಡಿ, ಎರಡು ಕಡೆಗೆ ಎರಡು ಲೆಕ್ಕ.

ಸ್ಪಾನರ್ ಹಿಡಿಯುವ ಮೊದಲು ಕಾಗದಪತ್ರ. ಯಾರೋ ಬೆಂಕಿ ಹಚ್ಚಿದ್ದಾರೆ ಅಂತ ಅನುಮಾನ ಇದ್ದರೆ ಪೊಲೀಸರ ಮಹಜರು ಮುಗಿಯುವವರೆಗೆ ಒಂದು ನಟ್ಟೂ ಬಿಚ್ಚಬೇಡಿ. ಇನ್ಶೂರೆನ್ಸ್ ಇದ್ದರೆ ಸರ್ವೇಯರ್ ಬಂದು ನೋಡಲಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಿಮ್ಮ ಗಾಡಿ ಸುಟ್ಟಿದ್ದಕ್ಕೆ ಏನೂ ಬರುವುದಿಲ್ಲ, ಫುಲ್ ಇನ್ಶೂರೆನ್ಸ್ ಇದ್ದರೆ ಮಾತ್ರ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಗಾಡಿಯ ಬೆಲೆ) ಶೇ. 75 ದಾಟಿದರೆ ಪೂರ್ತಿ ನಷ್ಟ ಅಂತ ಲೆಕ್ಕ. ಇನ್ನು, ಗಾಡಿ ಮತ್ತೆ ಓಡುವ ಹಾಗಿಲ್ಲ ಅಂದರೆ ಮಾಲೀಕರು 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅದು ಮುಗಿಯುವವರೆಗೆ ಚಾಸಿಸ್ ನಂಬರ್ ಇರುವ ಜಾಗಕ್ಕೆ ಗರಗಸ, ಗ್ರೈಂಡರ್ ಯಾವುದೂ ತಾಗಬಾರದು.

ಆಮೇಲೆ ನಿಮ್ಮ ಮೈಕೈ ಜೋಪಾನ. ದಪ್ಪ ರಬ್ಬರ್ ಗ್ಲೌಸ್, ಕನ್ನಡಕ, ಮಾಸ್ಕ್ ಬೇಕೇ ಬೇಕು. ಬ್ಯಾಟರಿ ಕರಗಿದ್ದರೆ ಆಸಿಡ್ ಸುತ್ತಲೂ ಹರಿದಿರುತ್ತದೆ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಪುಡಿಯನ್ನು ಗಾಳಿ ಪೈಪಿನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಸಮೇತ ಬಿಸಾಕಿ. ಹೊಸ ಗಾಡಿಗಳ ಕೆಲವು ಸೀಲು, ಪೆಟ್ರೋಲ್ ಪೈಪುಗಳು ಫ್ಲೋರಿನ್ ರಬ್ಬರಿನವು. ಅವು ಸುಟ್ಟರೆ ಹೈಡ್ರೋಫ್ಲೋರಿಕ್ ಆಸಿಡ್ ಬರುತ್ತದೆ, ಚರ್ಮದೊಳಗೆ ಇಳಿದು ಮೂಳೆವರೆಗೂ ಹೋಗುವ ಆಸಿಡ್ ಅದು. ಸುಟ್ಟು ಅಂಟಂಟಾದ ಕಪ್ಪು ರಬ್ಬರನ್ನು ಬರಿಗೈಯಲ್ಲಿ ಮುಟ್ಟಬಾರದು ಅಂತ ನನ್ನ ಹುಡುಗರಿಗೆ ದಿನಾ ಹೇಳುತ್ತೇನೆ. ಪೆಟ್ರೋಲ್ ಟ್ಯಾಂಕ್ ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಅದರ ಹತ್ತಿರ ವೆಲ್ಡಿಂಗ್ ಬೇಡ.

ಮೊದಲ ಕೆಲಸ ತೊಳೆಯುವುದು. ಇದಕ್ಕೆ ತಡ ಮಾಡಬೇಡಿ. ಮಟ್ಟೆ ಬೂದಿಯಲ್ಲಿ ಪೊಟ್ಯಾಷ್ ಜಾಸ್ತಿ, ನೀರು ಬಿದ್ದರೆ ಅದು ಕ್ಷಾರವಾಗಿ ಅಲ್ಯೂಮಿನಿಯಂ ತಿನ್ನುತ್ತದೆ. ಬೆಂಕಿ ಆರಿಸುವ ಸಿಲಿಂಡರಿನ ಪುಡಿ ಬಿದ್ದಿದ್ದರೆ ಅದೂ ತೇವ ಹೀರಿಕೊಂಡು ಲೋಹ ಹಾಳು ಮಾಡುತ್ತದೆ. ಕಾರ್ಬೊರೇಟರ್ ಬಾಯಿ, ಸೈಲೆನ್ಸರ್ ತೂತು ಬಟ್ಟೆಯಿಂದ ಮುಚ್ಚಿ, ಧಾರಾಳ ನೀರು ಬಿಡಿ. ಮಸಿಗೆ ಸೀಮೆಎಣ್ಣೆ ಇಲ್ಲವೇ ಡೀಸೆಲ್ ಜೊತೆ ಬ್ರಷ್, ಆಮೇಲೆ ಸೋಪಿನ ನೀರು. ಕೆಲವರು ಬೇಗ ಬೆಳ್ಳಗಾಗಲಿ ಅಂತ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಅಲ್ಯೂಮಿನಿಯಂಗೆ ಅದು ವಿಷ, ಎಂಜಿನ್ ಕೇಸೇ ಕರಗಲು ಶುರುವಾಗುತ್ತದೆ. ತೊಳೆದ ದಿನವೇ ಒಣಗಿಸಿ, ಎಣ್ಣೆ ಸವರಿ, ಎಲ್ಲಾ ಸ್ಕ್ರೂಗಳಿಗೂ ಎಣ್ಣೆ ಬಿಟ್ಟು ರಾತ್ರಿ ನೆನೆಯಲು ಬಿಡಿ.

ಈಗ ಕಾವು ಓದುವುದು. ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಸುಮಾರು 100 ಡಿಗ್ರಿಗೇ ಮೆತ್ತಗಾಗುತ್ತದೆ. ಪಾಲಿಪ್ರೊಪಿಲೀನ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ 160ರ ಆಸುಪಾಸಿನಲ್ಲಿ ಕರಗುತ್ತದೆ. ವೈರಿಗೆ ಹಾಕಿದ ತವರ-ಸೀಸದ ಬೆಸುಗೆ 183ಕ್ಕೆ ಬಿಡುತ್ತದೆ. ಅಲ್ಯೂಮಿನಿಯಂ 660ಕ್ಕೆ ಕರಗುತ್ತದೆ, ಎರಕದ ಕವರುಗಳು ಅದಕ್ಕಿಂತ ಮೊದಲೇ ಸೋಲುತ್ತವೆ. ಪಾಲಿಶ್ ಇರುವ ಉಕ್ಕು ಇನ್ನೂ ಚೆನ್ನಾಗಿ ಲೆಕ್ಕ ಕೊಡುತ್ತದೆ: 220ರ ಹತ್ತಿರ ಒಣ ಹುಲ್ಲಿನ ಬಣ್ಣ, 280ಕ್ಕೆ ನೇರಳೆ, 300ಕ್ಕೆ ನೀಲಿ, ಅದಕ್ಕೂ ಮೇಲೆ ಹೋದರೆ ಬೂದು. ತುಂಬಾ ಹೊತ್ತು ಕಾದಿದ್ದರೆ ಇವೇ ಬಣ್ಣ ಇನ್ನೂ ಕಡಿಮೆ ಬಿಸಿಗೆ ಬರುತ್ತವೆ. ಹುಲ್ಲಿನ ಬಣ್ಣದವರೆಗೆ ನಾನು ಯೋಚನೆ ಮಾಡುತ್ತೇನೆ. ನೀಲಿ ಕಂಡರೆ ಗಟ್ಟಿತನಕ್ಕೆ ಕೆಲಸ ಮಾಡುವ ಯಾವ ಸಾಮಾನನ್ನೂ ಇಟ್ಟುಕೊಳ್ಳುವುದಿಲ್ಲ. ಟೆಂಪರ್, ಅಂದರೆ ಕಾಯಿಸಿ ಉಕ್ಕಿಗೆ ಕೊಟ್ಟ ಗಟ್ಟಿತನ, ಹೋಗಿರುತ್ತದೆ.

ಈ ಗಾಡಿಯ ಎಡಗಡೆ ಮ್ಯಾಗ್ನೆಟೊ (ಕರೆಂಟ್ ಹುಟ್ಟಿಸುವ ಭಾಗ) ಕವರಿನ ಅಂಚು ಮೇಣದ ಹಾಗೆ ಇಳಿದಿತ್ತು. ಅಂದ ಮೇಲೆ ಆ ಕಡೆಯ ಕಾಯಿಲ್, ಆಯಿಲ್ ಸೀಲ್, ಬೇರಿಂಗ್, ಕ್ರ್ಯಾಂಕ್ ಕೇಸಿನ ಎಡ ಹೋಳು ಎಲ್ಲಾ ಗುಜರಿಯೇ. ಕೇಸಿನ ಎರಡು ಹೋಳು ಜೋಡಿಯಾಗಿ ಕೂರುವಂಥವು, ಬಲ ಹೋಳು ಒಂದನ್ನೇ ಇಟ್ಟುಕೊಂಡು ಸುಮ್ನೆ ಆಸೆ ಪಡಬಾರದು. ಮಾಲೀಕರು ಎಂಜಿನ್ ಪೂರ್ತಿ ಹೋಯಿತು ಅಂತಲೇ ತಿಳಿದಿದ್ದರು. "ಸ್ವಲ್ಪ ತಾಳಿ ಗೌಡ್ರೇ, ಆಯಿಲ್ ನೋಡೋಣ" ಅಂದೆ.

ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಗೇರ್ ಆಯಿಲ್ ತಟ್ಟೆಗೆ ಇಳಿಸಿ. ಡಾಂಬರಿನಂತೆ ಗಟ್ಟಿಯಾಗಿ ಬಂದರೆ, ಇಲ್ಲವೇ ಬರದೇ ಇದ್ದರೆ, ಒಳಗೂ ಕೆಟ್ಟ ಕಾವು ಹೋಗಿದೆ. ಇದರಲ್ಲಿ ಕಪ್ಪಗಿದ್ದರೂ ಧಾರೆಯಾಗಿ ಇಳಿಯಿತು. ಆಯಿಲ್‌ನಲ್ಲಿ ಮುಳುಗಿರುವ ಗೇರು ಅಷ್ಟು ಬೇಗ ಕಾಯುವುದಿಲ್ಲ, ಹೊರಗಡೆ ಎಷ್ಟು ಭಯ ಹುಟ್ಟಿಸುವಂತಿದ್ದರೂ. ಕೇಸು ಬಿಚ್ಚಿ ಗೇರುಗಳನ್ನು ಬೆಳಕಿಗೆ ಹಿಡಿದೆ. ಚೈನ್ ಸ್ಪ್ರಾಕೆಟ್ ಕೂರುವ ಶಾಫ್ಟಿನ ಎಡ ತುದಿ ನೀಲಿ. ಒಳಗೆ ಬರುತ್ತಾ ನೇರಳೆ, ಹುಲ್ಲಿನ ಬಣ್ಣ, ಆಮೇಲೆ ಬೆಳ್ಳಿಯ ಹೊಳಪು. ಬೆಂಕಿ ಎಲ್ಲಿವರೆಗೆ ನಡೆದು ಬಂದು ನಿಂತಿದೆ ಅಂತ ಅದೊಂದು ಶಾಫ್ಟಿನಲ್ಲೇ ಕಾಣುತ್ತಿತ್ತು. ಒಂದು ಎಚ್ಚರಿಕೆ: ಹಳೇ ಆಯಿಲ್ ಕಾದು ಕಂದು ಪೊರೆ ಕಟ್ಟಿದರೂ ಹುಲ್ಲಿನ ಬಣ್ಣದ ಹಾಗೇ ಕಾಣುತ್ತದೆ. ಥಿನ್ನರ್ ಬಟ್ಟೆಯಲ್ಲಿ ಉಜ್ಜಿ. ಹೋದರೆ ಆಯಿಲ್, ಉಳಿದರೆ ಕಾವು.

ಬಣ್ಣದ ಮೇಲೆ ನಂಬಿಕೆ ಬರದಿದ್ದರೆ ಅರ ತೆಗೆದುಕೊಳ್ಳಿ, ಹೊಸದಾದ ಸಣ್ಣ ಅರ. ಗೇರಿನ ಕೆಲಸಕ್ಕೆ ಬಾರದ ಒಂದು ಮೂಲೆಯಲ್ಲಿ ಹಗುರಾಗಿ ಎಳೆಯಿರಿ. ಅರ ಜಾರಿದರೆ ಉಕ್ಕು ಗಟ್ಟಿ ಇದೆ. ಕಚ್ಚಿ ಪುಡಿ ಬಂದರೆ ಮೆತ್ತಗಾಗಿದೆ. ಮುಂದಿನ ಸ್ಪ್ರಾಕೆಟ್‌ಗೂ, ಕಿಕ್ಕರ್ ಶಾಫ್ಟಿಗೂ ಇದೇ ಪರೀಕ್ಷೆ. ಈ ಗಾಡಿಯಲ್ಲಿ ಆ ಒಂದು ಶಾಫ್ಟ್ ಬಿಟ್ಟು ಉಳಿದ ಗೇರುಗಳು, ಕ್ಲಚ್ ಬಾಸ್ಕೆಟ್, ಪ್ರೆಷರ್ ಪ್ಲೇಟ್, ಕಿಕ್ಕರ್ ಸೆಟ್ ಎಲ್ಲಾ ಉಳಿದವು. ಕ್ಲಚ್ ಪ್ಲೇಟು, ಬೇರಿಂಗು, ಸೀಲು, ಪ್ಯಾಕಿಂಗು ಹೇಗೇ ಕಂಡರೂ ಹೊಸದೇ ಹಾಕಿ. ಕ್ಲಚ್ ಸ್ಪ್ರಿಂಗುಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದು ಕುಳ್ಳಗಿದ್ದರೂ ಇಡೀ ಸೆಟ್ ಬದಲಿಸಿ.

ಹೆಡ್ ಮತ್ತು ಸಿಲಿಂಡರ್ ಬ್ಲಾಕನ್ನು ದಪ್ಪ ಗಾಜಿನ ಮೇಲೆ ಬೋರಲು ಇಟ್ಟು ಸುತ್ತಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ, ಬಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬ್ಲಾಕಿನ ಒಳಗಿನ ಕಬ್ಬಿಣದ ಸ್ಲೀವ್ ಸಡಿಲವಾಗಿದ್ದರೆ ಬೋರ್ ಮಾಡಿಸುವ ದುಡ್ಡು ದಂಡ. ರಿಂಗ್ ಹೇಗೂ ಹೊಸದು.

ಕಾರ್ಬೊರೇಟರ್‌ಗೆ ನನ್ನದೊಂದು ಸುಲಭ ಪರೀಕ್ಷೆ ಇದೆ. ಕೆಳಗಿನ ಬಟ್ಟಲು ಬಿಚ್ಚಿ, ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ನೋಡುತ್ತೇನೆ. ಅದು ಪ್ಲಾಸ್ಟಿಕ್. ಆಕಾರ ಕೆಡದೆ, ಪಿನ್ ಮೇಲೆ ಸರಾಗವಾಗಿ ಆಡುತ್ತಿದ್ದರೆ ಬಾಡಿಗೂ ಅಂಥ ಕಾವು ತಗುಲಿಲ್ಲ. ಸ್ಲೈಡ್ ಮೇಲೆ ಕೆಳಗೆ ಹಿಡಿಯದೆ ಓಡಬೇಕು. ಫ್ಲೋಟ್ ಮುದುಡಿದ್ದರೆ ಹಿತ್ತಾಳೆ ಜೆಟ್ಟುಗಳನ್ನು ಮಾತ್ರ ತೆಗೆದಿಟ್ಟುಕೊಳ್ಳಿ.

ವೈರಿಂಗ್ ಒಂದು ಕಡೆ ಸುಟ್ಟಿದ್ದರೂ ಪೂರ್ತಿ ಬಿಸಾಕಿ. ಜೋಡಿಸಿ ಹಾಕಿದರೆ ಮುಂದಿನ ಬೆಂಕಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಸೈಲೆನ್ಸರ್ ವಿಷಯ ತಮಾಷೆ. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿದರೆ ನಾವೇ ಬೆಂಕಿಗೆ ಹಾಕಿ ಸುಟ್ಟು ಬಡಿದು ಉದುರಿಸುತ್ತಿದ್ದೆವು. ಈ ಗಾಡಿಯದ್ದು ಕ್ರೋಮ್ ಹೋಗಿದೆ, ಒಳಗೆ ಮಾತ್ರ ಪುಕ್ಕಟೆಯಾಗಿ ಸ್ವಚ್ಛವಾಗಿದೆ. ತೂತು ಬಿದ್ದಿಲ್ಲ, ಕಪ್ಪು ಬಣ್ಣ ಹೊಡೆದರೆ ಓಡುತ್ತದೆ. ಹಾಗೆಯೇ ಫುಟ್‌ರೆಸ್ಟ್, ಸೈಡ್ ಸ್ಟ್ಯಾಂಡ್, ಗೇರ್ ಲಿವರ್ ನೇರವಾಗಿದ್ದರೆ ಇಟ್ಟುಕೊಳ್ಳಿ.

ಚಾಸಿಸ್, ಫೋರ್ಕ್, ಹ್ಯಾಂಡಲ್, ರಿಮ್, ಹಬ್, ಆಕ್ಸಲ್, ಬ್ರೇಕ್ ಸಾಮಾನು, ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ನಾನು ಪರೀಕ್ಷೆಯನ್ನೇ ಮಾಡುವುದಿಲ್ಲ, ನೇರ ಗುಜರಿಗೆ. ಟೈರು ಉರಿದ ಕಡೆಯ ಚಕ್ರ, ಫೋರ್ಕ್ ಅಂತೂ ಕೇಳಲೇಬೇಡಿ. ಕಣ್ಣಿಗೆ ನೇರವಾಗಿ ಕಾಣುವ ಫೋರ್ಕ್ ಒಂದು ಗುಂಡಿಗೆ ಬಿದ್ದಾಗ ಬಾಗಿದರೆ ಮೇಲೆ ಕೂತವನ ಗತಿ ಏನು? ಫೋರ್ಕ್ ಪೈಪನ್ನು ಗರಗಸದಲ್ಲಿ ಎರಡು ತುಂಡು ಮಾಡಿ, ಹಬ್ಬಿಗೆ ಸುತ್ತಿಗೆ ಏಟು ಕೊಟ್ಟೇ ಗುಜರಿಗೆ ಕಳಿಸುತ್ತೇನೆ. ಇಲ್ಲದಿದ್ದರೆ ಪಾಲಿಶ್ ಆಗಿ ಯಾವುದೋ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಅಂತ ಮತ್ತೆ ನೇತಾಡುತ್ತದೆ.

ಉಳಿಸಿದ್ದನ್ನು ಮಾರುವಾಗ ಸುಟ್ಟ ಗಾಡಿಯದ್ದು ಅಂತ ಹೇಳಿಯೇ ಮಾರಿ. ನಾನು ಪ್ರತಿ ಸಾಮಾನಿಗೂ ಒಂದು ಚೀಟಿ ಕಟ್ಟಿ "ಸುಟ್ಟ ಗಾಡಿ, ಅರ ಹಾಕಿ ನೋಡಿದೆ" ಅಂತ ಬರೆದಿಡುತ್ತೇನೆ. ರೇಟು ಸ್ವಲ್ಪ ಇಳಿಯುತ್ತದೆ, ಜಗಳ ಬರುವುದಿಲ್ಲ.

ಗುಜರಿಗೆ ಹಾಕುವಾಗ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಕಬ್ಬಿಣ ಬೇರೆ ಬೇರೆ ಮಾಡಿ. ಒಟ್ಟಿಗೆ ತೂಗಿಸಿದರೆ ಎಲ್ಲದಕ್ಕೂ ಕಬ್ಬಿಣದ ರೇಟೇ ಹಾಕುತ್ತಾರೆ. ಬ್ಯಾಟರಿ ಅವಶೇಷವನ್ನು ಅದರ ಜೊತೆ ಸೇರಿಸಬೇಡಿ. ಸೀಸ ಇರುತ್ತದೆ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿ ಬ್ಯಾಟರಿ ಅಂಗಡಿಗೇ ಕೊಡಿ.