ಕಾರಿನ ಸ್ಟೀರಿಯೊದಲ್ಲಿ ವಿಡಿಯೊ ಓಡದಿದ್ದರೆ

ಹಾಡು ಸರಿಯಾಗಿ ಬರುತ್ತಿತ್ತು. ವಿಡಿಯೊ ಒತ್ತಿದರೆ ಮಾತ್ರ ಫೈಲ್ ಸಪೋರ್ಟ್ ಇಲ್ಲ ಎಂಬ ಸಂದೇಶ. ಕೆಲವು ಫೈಲುಗಳಲ್ಲಿ ದನಿ ಬರುತ್ತಿತ್ತು, ಪರದೆ ಕಪ್ಪು.

ಬೇರೆ ಪೆನ್‌ಡ್ರೈವ್ ಹಾಕಿದೆ, ಸ್ಟೀರಿಯೊ ರೀಸೆಟ್ ಮಾಡಿದೆ. ಆಗಲಿಲ್ಲ. ಫೈಲ್ ಹೆಸರಿನ ಕೊನೆಗೆ ಸುಮ್ನೆ ಎಂಪಿ4 ಎಂದು ಬದಲಿಸಿದರೂ ಉಪಯೋಗವಿಲ್ಲ. ಒಳಗಿನ ಕೋಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿಡುವ ವಿಧಾನ, ಅದೇ ಇರುತ್ತದೆ, ಅಲ್ವಾ? ಬೆಳಗಾವಿಯ ಅಂಗಡಿಯೊಂದರಲ್ಲಿ ಕೇಳಿದರೆ ‘ಹೊಸ ಸೆಟ್ಟ ಹಾಕಸ್ರಿ’ ಅಂದರು. ಅದೇನೂ ಬೇಕಿಲ್ಲ.

ಈಗಿನ ಎಷ್ಟೋ ಫೋನುಗಳು ಎಚ್.265 ಎಂಬ ಹೊಸ ಕೋಡೆಕ್‌ನಲ್ಲಿ ರೆಕಾರ್ಡ್ ಮಾಡುತ್ತವೆ. ಹಳೆಯ ಸ್ಟೀರಿಯೊಗಳು ಹೆಚ್ಚಿನವು ಅದನ್ನು ಓದುವುದಿಲ್ಲ. ಮೊದಲು 32 ಜಿಬಿ ಪೆನ್‌ಡ್ರೈವನ್ನು ಫ್ಯಾಟ್32 ಎಂಬ ಫೈಲ್ ಜೋಡಣೆಗೆ ಫಾರ್ಮ್ಯಾಟ್ ಮಾಡಿ. ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಕಾಪಿ ಇಟ್ಟುಕೊಳ್ಳಿ. ಆಮೇಲೆ ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ, ಕೋಡೆಕ್ ಬದಲಿಸುವ ಉಚಿತ ಸಾಫ್ಟ್‌ವೇರ್ ತೆರೆದು ವಿಡಿಯೊ ಹಾಕಿ. ಫಾರ್ಮ್ಯಾಟ್ ಎಂಪಿ4. ಎನ್‌ಕೋಡರ್ ಎಚ್.264, ಪ್ರೊಫೈಲ್ ಮೇನ್, ಲೆವೆಲ್ 3.1. ಅಳತೆ 1280×720, ಫ್ರೇಮ್ ರೇಟ್ 30, ಅದರ ಕೆಳಗೆ ಕಾನ್‌ಸ್ಟಂಟ್ ಆರಿಸಿ. ಆಡಿಯೊ ಎಎಸಿ, ಮಿಕ್ಸ್‌ಡೌನ್ ಸ್ಟೀರಿಯೊ. ಬಂದ ಹೊಸ ಫೈಲನ್ನು ಪೆನ್‌ಡ್ರೈವಿಗೆ ಹಾಕಿ. ನನಗೆ ಇಷ್ಟರಲ್ಲೇ ಓಡಿತು. ನಿಮ್ಮಲ್ಲಿ ತಡವರಿಸಿದರೆ ಪ್ರೊಫೈಲ್ ಬೇಸ್‌ಲೈನ್ ಮಾಡಿ, ಅಳತೆಯಲ್ಲಿ ಎತ್ತರವನ್ನು 480ಕ್ಕೆ ಇಳಿಸಿ. ಒಂದು ಫೈಲ್ 4 ಜಿಬಿ ದಾಟಬಾರದು, ಫ್ಯಾಟ್32 ಅದನ್ನು ಹಿಡಿಸಲ್ಲ.

ಎಷ್ಟೋ ಸ್ಟೀರಿಯೊಗಳಲ್ಲಿ ಗಾಡಿ ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಎಳೆದರಷ್ಟೇ ಚಿತ್ರ ಬರುತ್ತದೆ. ಬ್ರೇಕಿಗೆ ಜೋಡಿಸಿದ ಆ ವೈರ್ ಬೈಪಾಸ್ ಮಾಡಿ, ಓಡುವಾಗಲೂ ಚಿತ್ರ ಬರುವಂತೆ ಮಾಡಿಕೊಡುವವರಿದ್ದಾರೆ, ಮಾಡಿಸಬೇಡಿ. ಚೋರ್ಲಾ ಘಾಟಿನ ತಿರುವುಗಳಲ್ಲಿ ಹಾಡು ಸಾಕು.